ಶೋ ಗ್ರಿಲ್ಲು: ಅಪ್ಪನ ಪಿಕಪ್ಪು, ಪುದುಪೇಟೆ, ನಮ್ಮ ಆಫೀಸಿನ ಕೆಳಗಿರೋ ಕಾರ್ಖಾನೆ

ಈ ಸಲದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ, ಅಲ್ಲಿ ಬಿಟ್ಟುಹೋದದ್ದನ್ನು ಸೇರಿಸಿ ಇಲ್ಲಿ ಬರೆದಿದ್ದೇನೆ. ಸಂಗಮರ ಕಾಲದ ಚೆನ್ನೈ, ವಿಜಯನಗರದ ಕಾಲದ ಚೆನ್ನೈ ಅಂತೆಲ್ಲ ಹೇಳಿದ್ದಾಯ್ತು. ಈ ವಾರ ಒಂದು ಪ್ಲಾಸ್ಟಿಕ್ ಜಾಲರಿಯ ಕಥೆ. ನಗಬೇಡಿ, ಇದರಲ್ಲೂ ಇತಿಹಾಸ ಇದೆ.

ಮೊದಲು ತಪ್ಪೊಪ್ಪಿಗೆ. ಹೋದ ತಿಂಗಳು ಅಪ್ಪ ತಿಪಟೂರಿನಿಂದ ತಮ್ಮ ಹಳೇ ಟಾಟಾ 207 ಪಿಕಪ್ಪಿನಲ್ಲಿ ತೆಂಗಿನಕಾಯಿ, ಎರಡು ಮೂಟೆ ರಾಗಿ, ಅಜ್ಜಿಯ ಕಾಲದ ಒಂದು ಬೀಟೆ ಮರದ ಮಂಚ ಎಲ್ಲ ಹೇರಿಕೊಂಡು ತಾಂಬರಮ್‌ನ ನಮ್ಮ ಅಪಾರ್ಟ್‌ಮೆಂಟಿಗೆ ಬಂದ್ರು. ಎಪ್ಪತ್ತೊಂದು ವರ್ಷ. ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಸುಮಾರು ಐನೂರು ಕಿಲೋಮೀಟರು. ಜೊತೆಗೆ ಊರಿನ ಹುಡುಗ ಒಬ್ಬ ಇದ್ದ, ಆದರೂ ಸ್ಟಿಯರಿಂಗ್ ಬಿಟ್ಟುಕೊಟ್ಟಿಲ್ಲ. ಬಂದವರು ಸುಸ್ತಾಗಿ ಮಲಗಿದ್ರು. ಗಾಡಿ ಗೇಟಿಗೆ ಅಡ್ಡ ನಿಂತಿದೆ ಅಂತ ವಾಚ್‌ಮನ್ ಬಂದು ಹೇಳಿದಾಗ, ಎಬ್ಬಿಸೋದು ಯಾಕೆ ಅಂತ ನಾನೇ ಕೀ ತಗೊಂಡು ಹೋದೆ. ಆಟೋಮ್ಯಾಟಿಕ್ ಕಾರಿಗೆ ಒಗ್ಗಿಹೋದ ಕಾಲು. ಕ್ಲಚ್ ಬಿಟ್ಟ ರಭಸಕ್ಕೆ ಗಾಡಿ ನೇರ ಹೋಗಿ ಕಂಬಕ್ಕೆ ಮುತ್ತಿಟ್ಟಿತು. ಲೈಟು ಉಳಿಯಿತು, ರೇಡಿಯೇಟರ್ ಉಳಿಯಿತು. ಮಧ್ಯದ ಗ್ರಿಲ್ಲು ಮೂರು ತುಂಡು.

ಅಪ್ಪ ಬಂದು ನೋಡಿದ್ರು. ಬೈಯಲಿಲ್ಲ. ಅದೇ ಕಷ್ಟ. "ಶೋ ಹೋಯ್ತು" ಅಂದ್ರು ಅಷ್ಟೇ.

ಈ 'ಶೋ' ಅನ್ನೋ ಪದ ಗಮನಿಸಿ. ನಾವು ಗ್ರಿಲ್ ಅಂತೀವಿ. ಮೆಕ್ಯಾನಿಕ್‌ಗಳು, ಲಾರಿಯವರು 'ಶೋ ಗ್ರಿಲ್ಲು', 'ಫ್ರಂಟ್ ಶೋ' ಅಂತಾರೆ. ತೋರಿಕೆಗೆ ಇರೋದು ಅಂತ ಅರ್ಥ. ಈ ಪದದಲ್ಲೇ ನಾನು ಇವತ್ತು ಹೇಳಬೇಕಾದ್ದು ಅರ್ಧ ಇದೆ.

ಶುರುವಿನಲ್ಲಿ ಅದು ತೋರಿಕೆಗೆ ಇರಲಿಲ್ಲ. ಇಂಜಿನ್ ಬಿಸಿಯಾಗುತ್ತೆ, ನೀರು ಸುತ್ತಿ ಅದನ್ನು ತಣಿಸಬೇಕು, ಆ ನೀರನ್ನು ಗಾಳಿ ತಣಿಸಬೇಕು. ಮೊದಮೊದಲ ಕಾರುಗಳು ನೀರನ್ನು ಕುದಿಸಿ ಕುದಿಸಿ ಆವಿ ಮಾಡಿ ಕಳೆದುಕೊಳ್ಳುತ್ತಿದ್ದವು. 1901ರ ಮರ್ಸಿಡಿಸ್ ಕಾರಿಗೆ ವಿಲ್ಹೆಲ್ಮ್ ಮೇಬ್ಯಾಕ್ ಜೇನುಗೂಡಿನಂಥ ರೇಡಿಯೇಟರ್ ಮಾಡಿಕೊಟ್ಟ. ಎಂಟು ಸಾವಿರಕ್ಕೂ ಹೆಚ್ಚು ಪುಟ್ಟ ಪುಟ್ಟ ಚೌಕ ಕೊಳವೆಗಳು. ಆ ರೇಡಿಯೇಟರೇ ಕಾರಿನ ಮುಖ, ಮುಚ್ಚಲು ಏನೂ ಇಲ್ಲ. ಕಲ್ಲು ಹಾರಿ ಬಂದು ಬಡಿದರೆ ತೂತು. ಹಾಗಾಗಿ ಮುಂದೆ ಒಂದು ತಂತಿ ಜಾಲರಿ ಬಂತು. 1930ರ ದಶಕದ ಹೊತ್ತಿಗೆ ಜಾಲರಿ ದಪ್ಪವಾಗಿ, ಹೊಳಪಾಗಿ, ರೇಡಿಯೇಟರನ್ನು ಪೂರ್ತಿ ಮರೆಮಾಡಿತು. ಕಾವಲಿಗೆ ಅಂತ ಬಂದದ್ದು ಮುಖವೇ ಆಗಿಹೋಯ್ತು.

ನಮ್ಮ ದೇಶಕ್ಕೆ ಹೆಚ್ಚು ಗೊತ್ತಿರೋ ಮುಖ ಜೀಪಿನದು. ಎರಡನೇ ಮಹಾಯುದ್ಧದ ಮೊದಲ ವಿಲ್ಲೀಸ್ ಜೀಪುಗಳಿಗೆ ಕಬ್ಬಿಣದ ಪಟ್ಟಿಗಳನ್ನು ವೆಲ್ಡ್ ಮಾಡಿದ ಗ್ರಿಲ್ ಇತ್ತು. ಅದೇ ಜೀಪನ್ನು ಮಾಡುತ್ತಿದ್ದ ಫೋರ್ಡ್‌ನವರು ಒಂದೇ ತಗಡನ್ನು ಒತ್ತಿ ಒಂಬತ್ತು ಸೀಳು ತೆಗೆದರು. ಹಗುರ, ಅಗ್ಗ. ವಿಲ್ಲೀಸ್ ಕೂಡ ಅದನ್ನೇ ಹಾಕಿಕೊಂಡಿತು. 1945ರಲ್ಲಿ ಜನಸಾಮಾನ್ಯರಿಗೆ ಮಾರಲು ಬಂದ ಜೀಪಿಗೆ ಸೀಳು ಏಳಾಯಿತು. ಆ ಏಳು ಸೀಳು ಎಷ್ಟು ಬೆಲೆಬಾಳುತ್ತೆ ಗೊತ್ತಾ? 1947ರಿಂದ ವಿಲ್ಲೀಸ್ ಜೀಪಿನ ಜೊತೆ ನಂಟಿರೋ ಮಹೀಂದ್ರ, ಅಮೆರಿಕದಲ್ಲಿ ರಾಕ್ಸರ್ ಅಂತ ಒಂದು ಗಾಡಿ ತಂದಾಗ, ಜೀಪಿನ ಒಡೆಯರಾದ ಫಿಯಟ್ ಕ್ರೈಸ್ಲರ್ 2018ರಲ್ಲಿ ದೂರು ಕೊಟ್ಟರು. ನಮ್ಮ ಗಾಡಿಯ ರೂಪ ಕದ್ದಿದ್ದಾರೆ ಅಂತ. 2020ರಲ್ಲಿ ಅಲ್ಲಿನ ವ್ಯಾಪಾರ ಆಯೋಗ ಮಹೀಂದ್ರಕ್ಕೆ ವಿರುದ್ಧವಾಗಿ ಹೇಳಿತು. ಮಹೀಂದ್ರದವರು ಮುಖ ಬದಲಿಸಿದರು. ಹೊಸ ಮುಖದ ಗಾಡಿಗೆ ಅಡ್ಡಿಯಿಲ್ಲ ಅಂತ ಅದೇ ವರ್ಷದ ಕೊನೆಗೆ ತೀರ್ಪಾಯಿತು. ವಕೀಲರಿಗೆ ಕೊಟ್ಟ ದುಡ್ಡಿನಲ್ಲಿ ಎಷ್ಟು ಸಾವಿರ ಗ್ರಿಲ್ ಬರುತ್ತಿತ್ತೋ.

ಸರಿ, ನಮ್ಮ ಗ್ರಿಲ್ಲಿಗೆ ಬರೋಣ. ಅಪ್ಪ ಸೋಮವಾರ ಬೆಳಗ್ಗೆ ಹೊರಡಲೇಬೇಕು ಅಂತ ಹಟ. ಯಾಕೆ ಅಂತ ಕೇಳಿದರೆ "ಕೆಲಸ ಐತೆ" ಅಷ್ಟೇ. ಬಿಡಿಭಾಗದ ಒಂದು ದೊಡ್ಡ ಅಂಗಡಿಗೆ ಫೋನ್ ಮಾಡಿದೆ. ಹಳೇ ಮಾಡೆಲ್ಲು, ಆರ್ಡರ್ ಹಾಕಬೇಕು, ಹತ್ತು ದಿನ ಅಂದರು. ವಾಚ್‌ಮನ್ನೇ ದಾರಿ ತೋರಿಸಿದ: "ಪುದುಪ್ಪೇಟ್ಟೈ ಪೋಂಗ ಸಾರ್."

ಬೆಂಗಳೂರಿನವರಿಗೆ ಹೀಗೆ ಹೇಳಿದರೆ ಬೇಗ ತಿಳಿಯುತ್ತೆ. ಅಲ್ಲಿ ಹೊಸ ಸ್ಪೇರ್‌ಗೆ ಜೆ.ಸಿ. ರೋಡು, ಹಳೇದಕ್ಕೆ ಶಿವಾಜಿನಗರದ ಗುಜರಿ. ಇಲ್ಲಿ ಹೊಸದಕ್ಕೆ ಅಣ್ಣಾ ಸಾಲೈ ಪಕ್ಕದ ಜನರಲ್ ಪ್ಯಾಟರ್ಸ್ ರೋಡು, ಹಳೇದಕ್ಕೆ ಎಗ್ಮೋರ್ ಹತ್ತಿರ ಕೂವಂ ದಂಡೆಯ ಪುದುಪೇಟೆ. ಗುಜರಿ ಅಂಗಡಿಗೆ ಚೆನ್ನೈ ತಮಿಳಿನಲ್ಲಿ 'ಕಾಯಲಾನ್ ಕಡೈ' ಅಂತಾರೆ. ದಕ್ಷಿಣದ ಕಾಯಲ್‌ಪಟ್ಟಣದ ವ್ಯಾಪಾರಿಗಳಿಂದ ಬಂದ ಹೆಸರು ಅನ್ನೋದು ಜನ ಹೇಳುವ ವಿವರಣೆ. ಬೆಳಗ್ಗೆ ಕಳುವಾದ ಗಾಡಿ ಸಂಜೆಗೆ ಪುದುಪೇಟೆಯಲ್ಲಿ ನಟ್ಟು ಬೋಲ್ಟಾಗಿ ಸಿಗುತ್ತೆ ಅಂತ ಒಂದು ಹಳೇ ತಮಾಷೆ ಇದೆ. ಅದನ್ನೇ ನಂಬಿ ಹೋಗಬೇಡಿ. ವಿಮೆಯವರು ಕೈಬಿಟ್ಟ ಗಾಡಿ, ಆಯಸ್ಸು ಮುಗಿದ ಗಾಡಿ, 2015ರ ಡಿಸೆಂಬರಿನ ನೆರೆಯಲ್ಲಿ ಮುಳುಗೆದ್ದಂಥ ಗಾಡಿ, ಇವೆಲ್ಲ ಕೊನೆಗೆ ಸೇರೋದು ಇಂಥ ಬೀದಿಗಳಿಗೇ. ಬಿಲ್ ಕೇಳಿ ತಗೊಳ್ಳಿ, ಅಷ್ಟು ಸಾಕು.

ಶನಿವಾರ ಇಬ್ಬರೂ ತಾಂಬರಮ್‌ನಲ್ಲಿ ಲೋಕಲ್ ಟ್ರೇನ್ ಹತ್ತಿದೆವು. ಅಪ್ಪ ಬಿಳೀ ಪಂಚೆ, ಹೆಗಲಿಗೆ ಟವೆಲ್ಲು, ಚೀಲದಲ್ಲಿ ಮುರಿದ ಗ್ರಿಲ್ಲಿನ ಒಂದು ತುಂಡು. "ಹಳೇ ಸಾಮಾನು ತೋರಿಸದೆ ಹೊಸಾದು ಕೇಳಬಾರದು" ಅನ್ನೋದು ಅವರ ನಿಯಮ. ನಾನು ಫೋಟೋ ತೆಗೆದುಕೊಂಡಿದ್ದೆ. ಅದು ಉಪಯೋಗಕ್ಕೆ ಬರಲಿಲ್ಲ. ಕೊಕ್ಕೆ ಎಲ್ಲಿ ಕೂರುತ್ತೆ, ತೂತಿನಿಂದ ತೂತಿಗೆ ಎಷ್ಟು ಅಂತರ ಅನ್ನೋದು ತುಂಡಿನಿಂದಲೇ ತಿಳಿಯೋದು.

ಎಗ್ಮೋರ್‌ನಲ್ಲಿ ಇಳಿದು ನಡೆದೆವು. ಪುದುಪೇಟೆ ನೋಡದವರಿಗೆ ಅದನ್ನು ಹೇಳೋದು ಕಷ್ಟ. ಒಂದು ಅಂಗಡಿಯ ಗೋಡೆ ತುಂಬ ಬರೀ ಬಾಗಿಲು. ಪಕ್ಕದಲ್ಲಿ ಬರೀ ಸ್ಟಿಯರಿಂಗ್. ಅದರಾಚೆ ಡ್ಯಾಶ್‌ಬೋರ್ಡುಗಳ ರಾಶಿ, ಬ್ಲೇಡ್ ಪಟ್ಟಿಗಳ ಕಟ್ಟು, ಮೇಲಿಂದ ಇಳಿಬಿಟ್ಟ ಸೈಲೆನ್ಸರುಗಳು. ಆಯಿಲ್ ವಾಸನೆ, ನದಿಯ ವಾಸನೆ. ಮತ್ತೆ ಗ್ರಿಲ್ಲುಗಳು, ಸಾಲು ಸಾಲು, ಮುಖವಾಡದ ಅಂಗಡಿಯ ಹಾಗೆ. ಅಪ್ಪ ಒಂದೊಂದನ್ನೂ ಗುರುತು ಹಿಡಿದು ಹೇಳುತ್ತಾ ಹೋದರು. ಇದು ಅಂಬಾಸಿಡರು, ಇದು ಪದ್ಮಿನಿ, ಇದು ಮೆಟಡಾರು.

ಅಲ್ಲೇ ನನಗೆ ಹೊಳೆದದ್ದು. ಅಂಬಾಸಿಡರ್ ಬಂದದ್ದು 1950ರ ದಶಕದ ಕೊನೆಗೆ, ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ. ಆಮೇಲೆ ಮಾರ್ಕ್ 2, ಮಾರ್ಕ್ 3, ಮಾರ್ಕ್ 4. 2014ರಲ್ಲಿ ನಿಲ್ಲುವವರೆಗೆ ದೇಹ ಬಹುತೇಕ ಅದೇ. ಒಂದು ಮಾರ್ಕ್‌ನಿಂದ ಇನ್ನೊಂದನ್ನು ದೂರದಿಂದ ಗುರುತಿಸಬೇಕಾದರೆ ನೀವು ಗ್ರಿಲ್ ನೋಡಬೇಕು. ಫಿಯಟ್ 1100, ಪ್ರೀಮಿಯರ್ ಪ್ರೆಸಿಡೆಂಟ್ ಆಗಿ, 1970ರ ದಶಕದಲ್ಲಿ ಪದ್ಮಿನಿ ಆದದ್ದೂ ಹೆಚ್ಚುಕಡಿಮೆ ಇದೇ ರೀತಿ. ಲೈಸೆನ್ಸ್ ರಾಜ್ಯದಲ್ಲಿ ಎಷ್ಟು ಕಾರು ಮಾಡಬೇಕು, ಏನು ಆಮದು ಮಾಡಬೇಕು ಎಲ್ಲಕ್ಕೂ ದಿಲ್ಲಿಯ ಅಪ್ಪಣೆ. ಹೊಸ ಇಂಜಿನ್, ಹೊಸ ಅಚ್ಚು ಅಂದರೆ ವಿದೇಶಿ ವಿನಿಮಯ ಬೇಕು. ಗಿರಾಕಿ ಹೇಗೂ ವರ್ಷಗಟ್ಟಲೆ ಕ್ಯೂನಲ್ಲಿ ನಿಂತಿದ್ದಾನೆ. ಹಾಗಿರುವಾಗ 'ಹೊಸ ಮಾಡೆಲ್' ಮಾಡಲು ಸುಲಭದ ದಾರಿ ಯಾವುದು? ಶೋ ಬದಲಾಯಿಸು. ನಮ್ಮ ದೇಶದ ಮೂವತ್ತು ವರ್ಷದ ಕಾರಿನ ಇತಿಹಾಸವನ್ನು ಆ ಗೋಡೆಯ ಮೇಲಿನ ಗ್ರಿಲ್ಲುಗಳಲ್ಲೇ ಓದಬಹುದು ಅಂತ ನನಗನ್ನಿಸಿತು.

ಮದರಾಸಿನ ಕಾರಿನ ಕಥೆ ಇದಕ್ಕಿಂತ ಹಳೇದು. ಮೌಂಟ್ ರೋಡಿನ ಸಿಂಪ್ಸನ್ ಕಂಪನಿ 1840ರಿಂದ ಸಾರೋಟು ಕಟ್ಟುತ್ತಿತ್ತು. ಅಲ್ಲಿ 1903ರಲ್ಲಿ ಸ್ಯಾಮ್ಯುಯೆಲ್ ಜಾನ್ ಗ್ರೀನ್ ಅನ್ನುವವರು ಉಗಿಯಿಂದ ಓಡುವ ಕಾರು ಮಾಡಿದರು. ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಅಶೋಕ್ ಮೋಟರ್ಸ್. ರಘುನಂದನ ಸರನ್ ತಮ್ಮ ಮಗನ ಹೆಸರಿಟ್ಟ ಕಂಪನಿ. ಎಣ್ಣೂರಿನಲ್ಲಿ ಆಸ್ಟಿನ್ ಕಾರು ಜೋಡಿಸಿತು, 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಗಿ ಲಾರಿ ಬಸ್ಸಿನ ಕಡೆ ಹೊರಳಿತು. ನಾವು ಊರಿಗೆ ಹೋಗುವಾಗ ಹೊಸೂರಿನಲ್ಲಿ ಕಾಣೋದು ಅವರದೇ ಕಾರ್ಖಾನೆ. 2011ರಲ್ಲಿ ಬಂದ 'ದೋಸ್ತ್' ಅನ್ನೋ ಚಿಕ್ಕ ಪಿಕಪ್ಪು ಅಲ್ಲಿಯದೇ. ಫೋರ್ಡಿನದು ಇನ್ನೂ ವಿಚಿತ್ರ. 1926ರಲ್ಲಿ ಭಾರತಕ್ಕೆ ಬಂದು, ಇಲ್ಲೇ ತಯಾರಿಸುವ ಯೋಜನೆ ಇಲ್ಲದವರಿಗೆ ಜಾಗವಿಲ್ಲ ಅಂತ ಸರ್ಕಾರ ನೀತಿ ಮಾಡಿದ ಮೇಲೆ 1954ರಲ್ಲಿ ಹೋಯಿತು. 1990ರ ದಶಕದಲ್ಲಿ ಮತ್ತೆ ಬಂದು ಮರೈಮಲೈ ನಗರದಲ್ಲಿ ಕಾರ್ಖಾನೆ ಕಟ್ಟಿ, 2022ರಲ್ಲಿ ಅಲ್ಲಿಂದ ಕೊನೆಯ ಕಾರು ಕಳಿಸಿ ಬಾಗಿಲು ಹಾಕಿತು.

ನನ್ನ ಎದೆಗೆ ತಟ್ಟಿದ್ದು ಮಾತ್ರ ಸ್ಟ್ಯಾಂಡರ್ಡ್‌ನವರ ಕಥೆ. ಯಾಕೆ ಅಂದರೆ ನಾನು ಕೆಲಸ ಮಾಡೋದು ಪೆರುಂಗಳತ್ತೂರಿನಲ್ಲಿ, ಜಿಎಸ್‌ಟಿ ರೋಡಿನ ಐಟಿ ಪಾರ್ಕಿನಲ್ಲಿ. ನಿಮ್ಮಲ್ಲೂ ಎಷ್ಟೋ ಜನ ಅಲ್ಲೇ ಪಂಚ್ ಮಾಡುತ್ತೀರಿ. ಆ ಜಾಗ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್ ಆಫ್ ಇಂಡಿಯಾದ ಕಾರ್ಖಾನೆಯದು. 1948ರಲ್ಲಿ ಶುರುವಾದ ಕಂಪನಿ. ಮೊದಲು ವ್ಯಾನ್‌ಗಾರ್ಡ್, 1955ರಲ್ಲಿ ಸ್ಟ್ಯಾಂಡರ್ಡ್ 10, 1961ರಿಂದ ಹೆರಾಲ್ಡ್. ನಾಲ್ಕು ಬಾಗಿಲಿನ ಹೆರಾಲ್ಡ್ ಅನ್ನೋದು ಬ್ರಿಟನ್ನಿನಲ್ಲೇ ಇರಲಿಲ್ಲ, ಇಲ್ಲಿ ಮಾಡಿದರು. ಸ್ಟ್ಯಾಂಡರ್ಡ್ 20 ಅನ್ನೋ ಸಾಮಾನು ಗಾಡಿಯೂ ಇತ್ತು. 1972ರಲ್ಲಿ ಅದೇ ಹೆರಾಲ್ಡ್‌ನ ಇಂಜಿನ್ ಇಟ್ಟುಕೊಂಡು, ಹಿಂಭಾಗ ತಿದ್ದಿ, ಬೇರೆ ಗ್ರಿಲ್ ಹಾಕಿ 'ಗಜೆಲ್' ಅಂತ ತಂದರು. ಹಿಂದಿನ ಆಕ್ಸಲ್ಲನ್ನು ನಮ್ಮ ರಸ್ತೆಗೆ ತಕ್ಕ ಹಾಗೆ ಗಟ್ಟಿ ಮಾಡಿದ್ದರು, ಅದನ್ನು ಹೇಳದಿದ್ದರೆ ತಪ್ಪಾಗುತ್ತೆ.

ಕೊನೆಯ ಆಟ 1985ರ ಸ್ಟ್ಯಾಂಡರ್ಡ್ 2000. ದೇಹ ಬ್ರಿಟನ್ನಿನ ರೋವರ್ ಎಸ್‌ಡಿ1 ಕಾರಿನದು. ನೋಡಿದರೆ ಬಾಯಿ ಬಿಡಬೇಕು, ಅಂಥ ಅಂದ. ಒಳಗೆ ಇಟ್ಟದ್ದು ವ್ಯಾನ್‌ಗಾರ್ಡ್ ಕಾಲದ ಎರಡು ಲೀಟರ್ ಇಂಜಿನ್ನಿನ ತಿದ್ದಿದ ರೂಪ. ಅಂದರೆ ಮುಖ 1970ರ ದಶಕದ್ದು, ಹೃದಯ 1940ರ ದಶಕದ್ದು. ಅಷ್ಟರಲ್ಲಿ ಮಾರುತಿ 800 ಬೀದಿಗೆ ಬಂದು ಎರಡು ವರ್ಷ ಆಗಿತ್ತು. ಗಿರಾಕಿಗೆ ಮೊದಲ ಬಾರಿಗೆ ಹೋಲಿಸಿ ನೋಡಲು ಏನೋ ಒಂದು ಸಿಕ್ಕಿತ್ತು. ಸ್ಟ್ಯಾಂಡರ್ಡ್ 2000ದ ಮೈಲೇಜಿನ ಬಗ್ಗೆ ತಕರಾರು ಎದ್ದಿತು, ಮಾರಾಟ ಬಿತ್ತು, 1988ರಲ್ಲಿ ಕಾರ್ಖಾನೆ ನಿಂತೇಹೋಯಿತು. ಎಷ್ಟೋ ವರ್ಷ ಹಾಳುಬಿದ್ದ ಜಾಗದಲ್ಲಿ ಆಮೇಲೆ ನಮ್ಮ ಗಾಜಿನ ಕಟ್ಟಡ ಎದ್ದಿತು. ಹಳೇ ಸಿಸ್ಟಂ ಹಾಗೇ ಇಟ್ಟು ಮೇಲೆ ಹೊಸ ಸ್ಕ್ರೀನ್ ಕೂರಿಸಿ 'ಹೊಸ ವರ್ಷನ್' ಅಂತ ಗಿರಾಕಿಗೆ ತೋರಿಸುವ ಕೆಲಸವನ್ನು ನಾನು ಅದೇ ನೆಲದ ಮೇಲೆ ಆರು ವರ್ಷದಿಂದ ಮಾಡುತ್ತಿದ್ದೇನೆ. ಮ್ಯಾನೇಜರ್ ಇದನ್ನು ಓದಲಿಕ್ಕಿಲ್ಲ, ಅವರಿಗೆ ಕನ್ನಡ ಬರಲ್ಲ.

ಪುದುಪೇಟೆಗೆ ಮರಳೋಣ. ನಾಲ್ಕನೇ ಅಂಗಡಿಯಲ್ಲಿ ನಾನು ನನ್ನ ಮುರುಕು ತಮಿಳಿನಲ್ಲಿ ಶುರು ಮಾಡಿದೆ. ಅಂಗಡಿಯವರು ಅಪ್ಪನ ಪಂಚೆ ನೋಡಿ, ನನ್ನ ಮಾತು ಕೇಳಿ, "ಕನ್ನಡದವ್ರಾ ಯಜಮಾನ್ರೇ? ನಾನೂ ಶಿವಾಜಿನಗರದಲ್ಲಿ ಹತ್ತು ವರ್ಷ ಇದ್ದೆ, ಬನ್ನಿ ಕೂತ್ಕಳಿ" ಅಂದರು. ಟೀ ಬಂತು. ಅಪ್ಪ ತುಂಡು ಕೊಟ್ಟರು. ಅವರು ಅದನ್ನು ತಿರುಗಿಸಿ ನೋಡಿ, ಒಳಗೆ ಹೋಗಿ, ಹತ್ತು ನಿಮಿಷಕ್ಕೆ ಮೈಯೆಲ್ಲ ಧೂಳಾಗಿ ಒಂದು ಗ್ರಿಲ್ ಹಿಡಿದು ಬಂದರು. ಎರಡು ಸಾವಿರ ಅಂದರು. ಅಪ್ಪ ನಕ್ಕರು. ಕೊಬ್ಬರಿ ಮಾರಿದ ಕೈ, ತಿಪಟೂರು ಮಂಡಿಯಲ್ಲಿ ನಲವತ್ತು ವರ್ಷ ಚೌಕಾಸಿ ಮಾಡಿದ ಮನುಷ್ಯ. ಒಂಬೈನೂರಕ್ಕೆ ಮುಗಿಯಿತು, ಕ್ಲಿಪ್ಪು ಸ್ಕ್ರೂ ಸೇರಿ.

ಮಾರ್ಕೆಟ್ಟನ್ನು ಊರಾಚೆ ಕಳಿಸುವ ಮಾತು ವರ್ಷಗಳಿಂದ ಇದೆ. 2021ರಲ್ಲಿ ಕೇಂದ್ರ ಸರ್ಕಾರ ಗುಜರಿ ನೀತಿ ತಂದ ಮೇಲೆ, ಗಾಡಿ ಒಡೆಯೋದು ನೋಂದಾಯಿತ ಕೇಂದ್ರಗಳಲ್ಲೇ ಆಗಬೇಕು ಅನ್ನೋದು ಸರ್ಕಾರದ ದಾರಿ. ಹೊಗೆ ಕಡಿಮೆಯಾಗುತ್ತೆ, ಕಳ್ಳಮಾಲು ಕಡಿಮೆಯಾಗುತ್ತೆ, ಒಪ್ಪೋಣ. ಆದರೆ ಮೂರು ತುಂಡಾದ ಹಳೇ 207ರ ಗ್ರಿಲ್ಲನ್ನು ಹತ್ತು ನಿಮಿಷದಲ್ಲಿ ಹುಡುಕಿ ತರುವ ಕಣ್ಣು ಯಾವ ಕೇಂದ್ರದಲ್ಲಿ ಸಿಗುತ್ತೆ ಅಂತ ನನಗೆ ಗೊತ್ತಾಗಲಿಲ್ಲ. ಅಂಗಡಿಯವರೂ ಆ ಮಾತು ತೆಗೆದಾಗ "ನೋಡಣ" ಅಂತ ಸುಮ್ಮನಾದರು.

ಭಾನುವಾರ ಕೂರಿಸಿದ್ದು. ಬಾನೆಟ್ ಎತ್ತಿ, ಮೇಲಿನ ಸಾಲಿನ ಸ್ಕ್ರೂ ಬಿಚ್ಚಬೇಕು. ತುಕ್ಕು ಹಿಡಿದಿದ್ದವು. ನಾನು ಜೋರಾಗಿ ತಿರುಗಿಸಿ ಒಂದರ ತಲೆ ಕೆಡಿಸಿದೆ. "ಎಣ್ಣೆ ಬಿಡು, ಟೀ ಕುಡ್ಕಂಡು ಬಾ, ಆಮೇಲೆ ಮುಟ್ಟು" ಅಂದರು ಅಪ್ಪ. ನಿಜ, ಅರ್ಧ ಗಂಟೆ ಬಿಟ್ಟರೆ ತಾನಾಗಿ ಬಂತು. ಕೆಳಗೆ ಕೊಕ್ಕೆಗಳು, ಅವನ್ನು ಎಳೆಯಬಾರದು, ಮೇಲೆತ್ತಿ ಮುಂದಕ್ಕೆ ತರಬೇಕು. ಪ್ಲಾಸ್ಟಿಕ್ ಹಳೇದಾದರೆ ಮುರಿಯುತ್ತೆ, ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಮೆದುವಾಗುತ್ತೆ. ಗ್ರಿಲ್ ತೆಗೆದ ಮೇಲೆ ರೇಡಿಯೇಟರ್ ಎದುರಿಗೇ ಸಿಗುತ್ತೆ. ಇಂಥ ಅವಕಾಶ ಬಿಡಬೇಡಿ. ಐನೂರು ಕಿಲೋಮೀಟರಿನ ಹುಳ, ಚಿಟ್ಟೆ, ಒಂದು ಹೊಂಗೆ ಎಲೆ ಎಲ್ಲ ಅಲ್ಲಿ ಅಂಟಿಕೊಂಡಿತ್ತು. ಮೆತ್ತನೆ ಬ್ರಷ್ಷು, ಸಣ್ಣ ನೀರು. ಜೋರು ಪೈಪ್ ಬಿಟ್ಟರೆ ತೆಳು ತಗಡಿನ ಪದರ ಬಗ್ಗಿ ಗಾಳಿಯೇ ಹೋಗಲ್ಲ. ಇಂಜಿನ್ ಬಿಸಿ ಇದ್ದಾಗ ಮುಚ್ಚಳಕ್ಕೆ ಕೈ ಹಾಕಬೇಡಿ, ಮುಖಕ್ಕೆ ಹಾರುತ್ತೆ.

ಆ ಮುಚ್ಚಳದ್ದೂ ಒಂದು ಚೆನ್ನೈ ಕಥೆ. 1990ರ ದಶಕದ ಶುರುವಿನಲ್ಲಿ ಇಲ್ಲಿನ ಸುಂದರಂ ಫಾಸ್ಟ್‌ನರ್ಸ್, ಇಂಗ್ಲೆಂಡಿನಲ್ಲಿ ಜನರಲ್ ಮೋಟರ್ಸ್‌ನವರು ಕೈಬಿಡುತ್ತಿದ್ದ ರೇಡಿಯೇಟರ್ ಮುಚ್ಚಳದ ಯಂತ್ರಗಳನ್ನು ಕೊಂಡು ಹಡಗಿನಲ್ಲಿ ತಂದು, ಅದೇ ಜನರಲ್ ಮೋಟರ್ಸ್‌ಗೆ ಮುಚ್ಚಳ ಮಾಡಿ ಕಳಿಸತೊಡಗಿತು. ಮುಂದೆ ಕಾಣೋ ಶೋ ಯಾರದಾದರೂ ಆಗಲಿ, ಹಿಂದಿನ ಮುಚ್ಚಳ ಮದರಾಸಿನದು.

ಹೊಸ, ಅಂದರೆ ಹಳೇ ಗ್ರಿಲ್ಲನ್ನು ಮೊದಲು ಕೆಳಗಿನ ಕೊಕ್ಕೆಗೆ ಕೂರಿಸಿ, ಸ್ಕ್ರೂಗಳನ್ನೆಲ್ಲ ಸಡಿಲವಾಗಿ ಹಾಕಿ, ಎರಡೂ ಪಕ್ಕದ ಸಂದು ಸಮ ಬಂದ ಮೇಲೆ ಬಿಗಿ ಮಾಡಬೇಕು. ಬಿಗಿ ಅಂದರೆ ಕೈ ಬಿಗಿ ಸಾಕು. ಹಾರ್ನ್ ವೈರ್ ಸಿಕ್ಕಿಕೊಂಡಿದೆಯಾ ನೋಡಿ, ನಾನು ನೋಡದೆ ಒಮ್ಮೆ ಪೂರ್ತಿ ಬಿಚ್ಚಬೇಕಾಯ್ತು. ಅಂದಹಾಗೆ, ಈ ಗಾಡಿಗೆ ಮೊದಲು ಮುಂದೆ ದಪ್ಪ ಕಬ್ಬಿಣದ ಗಾರ್ಡ್ ಇತ್ತು. 2017ರ ಡಿಸೆಂಬರಿನಲ್ಲಿ ಅದು ಕಾನೂನುಬಾಹಿರ ಅಂತ ಕೇಂದ್ರ ಸರ್ಕಾರ ಹೇಳಿದ ಮೇಲೆ ಅಪ್ಪ ತೆಗೆಸಿದ್ದರು. ಅದಿದ್ದಿದ್ದರೆ ಗ್ರಿಲ್ ಉಳಿಯುತ್ತಿತ್ತು ಅಂತ ನಾನು ಅಂದೆ. "ಅದಿದ್ದಿದ್ರೆ ಕಂಬ ಹೋಗ್ತಿತ್ತು" ಅಂದರು. ಅಡ್ಡ ಬಂದವನ ಕಾಲು ಹೋಗುತ್ತಿತ್ತು ಅನ್ನೋದೇ ಆ ನಿಯಮದ ಕಾರಣವೂ ಹೌದು.

ಕೊನೆಯ ಸ್ಕ್ರೂ ಅಪ್ಪನೇ ಹಾಕ್ತೀನಿ ಅಂದರು. ಸ್ಕ್ರೂಡ್ರೈವರ್ ತುದಿ ಸ್ಕ್ರೂ ತಲೆಯ ಮೇಲೆ ನಿಲ್ಲುತ್ತಿರಲಿಲ್ಲ. ಬಲಗೈ ನಡುಗುತ್ತಿತ್ತು. ಮೂರು ಸಲ ಜಾರಿತು. ನಾನು ಟಾರ್ಚ್ ಹಿಡಿದು ನಿಂತಿದ್ದೆ, ಏನೂ ಹೇಳಲಿಲ್ಲ. ಅವರು ಎಡಗೈಯಲ್ಲಿ ಬಲಗೈ ಮಣಿಕಟ್ಟು ಒತ್ತಿ ಹಿಡಿದು ತಿರುಗಿಸಿದರು. ಎಷ್ಟು ದಿನದಿಂದ ಹೀಗೆ ಅಂತ ಕೇಳಿದೆ. "ದೀಪಾವಳಿಯಿಂದ" ಅಂದರು. ಆಮೇಲೆ ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತಾ, "ಬುಧವಾರ ಅರಸೀಕೆರೆಯಿಂದ ಒಬ್ಬ ಗಾಡಿ ನೋಡಕೆ ಬತ್ತಾನೆ. ಮುಂದ್ಗಡೆ ಒಡ್ಕೊಂಡು ನಿಂತಿದ್ರೆ ರೇಟು ಇಳಿಸ್ತಾನೆ. ಅದಕ್ಕೇ ಶೋ ಬೇಕಿತ್ತು" ಅಂದರು. ಮಂಚ ಯಾಕೆ ಈಗಲೇ ತಂದರು, ಸ್ಟಿಯರಿಂಗ್ ಯಾಕೆ ಹುಡುಗನಿಗೆ ಕೊಡಲಿಲ್ಲ ಅನ್ನೋದು ಆಗ ಗೊತ್ತಾಯ್ತು.

ಸೋಮವಾರ ಹೋಗುವಾಗ ನಾನೂ ರಜೆ ಹಾಕಿ ಜೊತೆಗೆ ಕೂತೆ. ವೆಲ್ಲೂರಿನವರೆಗೆ ಅವರು ಓಡಿಸಿದರು, ಅಲ್ಲಿಂದ ಊರಿನ ಹುಡುಗ. ಗಾಡಿ ಬುಧವಾರವೇ ಹೋಯಿತು. ಬಂದವನು ಟೈರು ನೋಡಿದ, ಸ್ಟಾರ್ಟ್ ಮಾಡಿಸಿ ಹೊಗೆಯ ಬಣ್ಣ ನೋಡಿದ, ಅಡಿಗೆ ತೂರಿ ಚಾಸಿ ತಟ್ಟಿ ನೋಡಿದ. ಗ್ರಿಲ್ಲಿನ ಕಡೆ ತಿರುಗಿಯೂ ನೋಡಲಿಲ್ಲ.